ಫ್ಲೆಕ್ಸಿನ ಮೇಲಿದ್ದ ಕೋಮಲಾ

ನಿಟ್ಟೂರಿನಿಂದ ತುಮಕೂರಿಗೆ ಬರುತ್ತಿದ್ದ ಬೆಳಗಿನ ಪ್ಯಾಸೆಂಜರ್ ಗಾಡಿ ಈಗಲೂ ನನ್ನ ತಲೆಯೊಳಗೆ ಓಡುತ್ತಿರುತ್ತದೆ. ಅದಕ್ಕೆ ಟೈಮ್ ಟೇಬಲ್ ಇಲ್ಲ. ಯಾರದೋ ಜಗುಲಿಯ ಮೇಲೆ ಕೂತು ಪಾಲಿಸಿ ಫಾರಂ ತುಂಬಿಸುವಾಗ, ಎಳೆಬಿಸಿಲು ಮುಖಕ್ಕೆ ಬಿದ್ದು ಸ್ವಲ್ಪ ತೂಕಡಿಕೆ ಬಂದರೆ ಸಾಕು, ಗಾಡಿ ಬಂದು ನಿಲ್ಲುತ್ತದೆ. ನಾನು ಗುಬ್ಬಿಯಲ್ಲಿ ಹತ್ತುತ್ತೇನೆ. ನಿಟ್ಟೂರಿನಲ್ಲೇ ಹತ್ತಿದ ಕೋಮಲಾ ಕಿಟಕಿ ಪಕ್ಕ ಕೂತು, ಎದುರಿನ ಸೀಟಿನ ಮೇಲೆ ತನ್ನ ನೋಟ್ ಬುಕ್ ಇಟ್ಟು ಜಾಗ ಹಿಡಿದಿರುತ್ತಾಳೆ. ನನಗಲ್ಲ, ನಮ್ಮೂರಿನಿಂದಲೇ ಹತ್ತುವ ಮುನವ್ವರಾಗೆ. ಅವರಿಬ್ಬರೂ ಗುಸುಗುಸು ಮಾತಾಡುತ್ತಾರೆ, ನಾನು ಕಂಬಿ ಹಿಡಿದು ನಿಂತಿರುತ್ತೇನೆ. ಇಪ್ಪತ್ತೆಂಟು ವರ್ಷಗಳಾದರೂ ಕನಸಿನಲ್ಲಿ ಕೂಡ ನನಗೆ ಸೀಟು ಸಿಕ್ಕಿಲ್ಲ.

ನಾನು ಮಲ್ಲಿಕಾರ್ಜುನ್, ಗುಬ್ಬಿಯಲ್ಲಿ ವಿಮೆ ಏಜೆಂಟ್. ಊರೂರು ತಿರುಗುವ ಕೆಲಸವಾದ್ದರಿಂದ, ತುಮಕೂರಿನಲ್ಲಿ ನಮ್ಮ ಜೊತೆ ಬಿ.ಎ. ಓದಿದವರು ಯಾರು ಏನಾದರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎನ್ನುವುದೆಲ್ಲ ನನ್ನ ನಾಲಿಗೆ ತುದಿಯಲ್ಲಿರುತ್ತದೆ. ಪರೀಕ್ಷೆಯಲ್ಲಿ ನನ್ನ ಪೇಪರ್ ನೋಡಿ ಬರೆಯುತ್ತಿದ್ದವನು ಈಗ ಸಬ್‌ಇನ್ಸ್‌ಪೆಕ್ಟರ್. ಹುಡುಗಿಯರು ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದ ಇನ್ನೊಬ್ಬ ಸಿ.ಎಸ್. ಪುರದಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ಮೈಕ್ ಬಿಡುವುದೇ ಇಲ್ಲ. ಮುನವ್ವರಾ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಟೀಚರ್, ಮಗಳು ಅರ್ಜೂ ದಂತವೈದ್ಯಕೀಯ ಓದುತ್ತಿದ್ದಾಳೆ. ಹೋದ ವರ್ಷ ಎಲ್ಲರೂ ಸೇರಿ ಗುರುವಂದನೆ ಮಾಡೋಣ ಎಂದು ತೀರ್ಮಾನವಾದಾಗ, ಸಹಪಾಠಿಗಳ ಪಟ್ಟಿ ಮಾಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ಬಿತ್ತು ಎನ್ನುವುದು ಸುಳ್ಳು, ನಾನೇ ಎಳೆದುಕೊಂಡೆ.

ಪಟ್ಟಿಯಲ್ಲಿ ತುಂಬದೆ ಉಳಿದ ಹೆಸರು ಕೋಮಲಾಳದು. ಎರಡನೇ ವರ್ಷ ಮುಗಿಯುತ್ತಿದ್ದಂತೆ ಅವಳನ್ನು ಕುಣಿಗಲ್ ಆಚೆಯ ಮಾರ್ಕೋನಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಕೊನೆಯ ವರ್ಷದ ಗ್ರೂಪ್ ಫೋಟೋದಲ್ಲಿ ಅವಳಿಲ್ಲ. ಡಿಗ್ರಿ ಮುಗಿಸದವರನ್ನೂ ಸೇರಿಸಬೇಕಾ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಮಹಾನುಭಾವ ಕೇಳಿದ. ನನಗೆ ಉರಿದುಹೋಯಿತು. ಎರಡು ವರ್ಷ ಒಂದೇ ಬೋಗಿಯಲ್ಲಿ ಬಂದವಳು ನಮ್ಮವಳಲ್ಲದೆ ಇನ್ಯಾರವಳು ಎಂದು ಬರೆದು, ಬೈಕ್ ಹತ್ತಿ ಕುಣಿಗಲ್ ಕಡೆ ಹೊರಟೆ.

ಅವಳ ಮಾವ ಚನ್ನವೀರಯ್ಯನವರ ಹೆಸರು ಲಗ್ನಪತ್ರಿಕೆಯಲ್ಲಿ ಓದಿದ್ದು ನೆನಪಿತ್ತು. ಕುಣಿಗಲ್ಲಿನ ಗೊಬ್ಬರದ ಅಂಗಡಿಯೊಂದರಲ್ಲಿ ವಿಚಾರಿಸಿದೆ.

“ಮಾರ್ಕೋನಹಳ್ಳಿ ಚನ್ನವೀರಯ್ಯನೋರ ಸೊಸೆ ಕೋಮಲಮ್ಮನಾ? ಕೊರೊನಾದಲ್ಲಿ ಹೋಗ್ಬುಟ್ರಲ್ಲ ಸಾರ್” ಎಂದರು ಅಂಗಡಿಯವರು. “ಎರಡನೇ ಅಲೇಲಿ. ಒಳ್ಳೇ ಹೆಂಗ್ಸು.”

ನಾನು ಮುಂದಕ್ಕೆ ಹೋಗಲಿಲ್ಲ. ಇನ್ನು ಅರ್ಧ ಗಂಟೆ ಹೋಗಿದ್ದರೆ ಆ ಮನೆಯ ಬಾಗಿಲು ಸಿಗುತ್ತಿತ್ತು, ಆದರೆ ಕಾಲು ಬರಲಿಲ್ಲ. ಕೆರೆ ಏರಿಯ ಮೇಲೆ ಬೈಕ್ ನಿಲ್ಲಿಸಿ ಎಷ್ಟೋ ಹೊತ್ತು ನೀರು ನೋಡುತ್ತಾ ಕೂತೆ. ನೀರು ಅಲುಗುತ್ತಿತ್ತು, ಅದರ ಮೇಲಿನ ಮೋಡವೂ ಅಲುಗುತ್ತಿತ್ತು. ಕಿಟಕಿ ಗಾಳಿಗೆ ಹಾರುವ ದುಪಟ್ಟಾ ಹಿಡಿದುಕೊಂಡು ನಗುತ್ತಿದ್ದ ಹತ್ತೊಂಬತ್ತರ ಹುಡುಗಿ ಹೀಗೆ ಯಾರಿಗೂ ಹೇಳದೆ ಹೋಗುವುದೆಂದರೇನು? ಅಳು ಬಂತು, ಅತ್ತುಬಿಟ್ಟೆ. ಮರಣ ಪ್ರಮಾಣಪತ್ರವಿಲ್ಲದೆ ಒಂದು ಕ್ಲೇಮ್ ಅರ್ಜಿಯನ್ನೂ ಮುಟ್ಟದ ನಾನು, ಗೊಬ್ಬರದ ಅಂಗಡಿಯವರ ಒಂದು ಮಾತಿಗೆ ಅವಳ ಹೆಸರನ್ನು ಅಗಲಿದವರ ಪಟ್ಟಿಗೆ ಸೇರಿಸಿದೆ.

ಕಾರ್ಯಕ್ರಮದ ದಿನ ತುಮಕೂರಿನಲ್ಲಿ ಹಿಡಿದಿದ್ದ ಹಾಲ್ ತುಂಬ ಬೆಳಗಿನ ಬಿಸಿಲು, ಕಾಫಿಯ ಹಬೆ, ಯಾರೋ ಮುಡಿದ ಮಲ್ಲಿಗೆಯ ವಾಸನೆ. ನರೆತ ತಲೆಗಳು ಒಂದೊಂದಾಗಿ ಬಾಗಿಲು ದಾಟಿ ಬರುತ್ತಿದ್ದವು. ಮೊದಲು ಯಾರೋ ಅಂಕಲ್ ಬಂದಂತೆ ಕಾಣುತ್ತಿತ್ತು. ಮನುಷ್ಯ ನಕ್ಕ ಕೂಡಲೇ ಹಳೆಯ ಮುಖ ಎಲ್ಲಿಂದಲೋ ತೇಲಿ ಮೇಲಕ್ಕೆ ಬರುತ್ತಿತ್ತು, ಮತ್ತೆ ಮುಳುಗುತ್ತಿತ್ತು. ನಾನು ನಿದ್ದೆಯಲ್ಲಿ ಓಡಾಡುವವನ ಹಾಗೆ ಎಲ್ಲರ ಕೈ ಕುಲುಕುತ್ತಿದ್ದೆ.

ಬಾಗಿಲ ಪಕ್ಕ ಒಂದು ಫ್ಲೆಕ್ಸ್ ನಿಲ್ಲಿಸಿದ್ದೆವು. ‘ನಮ್ಮನ್ನಗಲಿದ ಸಹಪಾಠಿಗಳು’ ಎಂಬ ತಲೆಬರಹದ ಕೆಳಗೆ ನಾಲ್ಕು ಫೋಟೋ, ನಾಲ್ಕಕ್ಕೂ ಚೆಂಡುಹೂವಿನ ಹಾರ. ಕೊನೆಯದು ಕೋಮಲಾಳದು. ಎನ್.ಎಸ್.ಎಸ್. ಶಿಬಿರದ ಹಳೆಯ ಚಿತ್ರದಿಂದ ಕತ್ತರಿಸಿದ್ದು. ಅದರ ಮುಂದೆ ಒಬ್ಬ ಹೆಂಗಸು ಆಗಲೇ ಬಹಳ ಹೊತ್ತಿನಿಂದ ನಿಂತಿದ್ದರು. ನೀಲಿ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ಬಟ್ಟೆ ಚೀಲ. ಯಾರಾದರೂ ಮೇಷ್ಟ್ರ ಮನೆಯವರಿರಬೇಕೆಂದು ಹತ್ತಿರ ಹೋದೆ.

“ಯಾರ್ ಕಡೆಯವ್ರಮ್ಮ ತಾವು?”

ಅವರು ಫೋಟೋದಿಂದ ಕಣ್ಣು ತೆಗೆಯದೆ, “ಎಷ್ಟು ಚೆನ್ನಾಗಿದ್ದೆ ಅಲ್ವೇನೋ ಮಲ್ಲಿಕಾರ್ಜುನ ನಾನು?” ಎಂದರು.

ಆ ಧ್ವನಿ ಬದಲಾಗಿರಲಿಲ್ಲ. ಹಿಂದಿನಿಂದ ಬಂದ ಮುನವ್ವರಾ ಒಂದು ಸಲ ಫೋಟೋ ನೋಡಿದಳು, ಒಂದು ಸಲ ಇವಳನ್ನು ನೋಡಿದಳು, ಹೋ ಎಂದು ಅಳುತ್ತಾ ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಏನ್ಲಾ ಇದು? ನಿನ್ ಕೈಗೆ ಪಟ್ಟಿ ಕೊಟ್ರೆ ನಮ್ಮನ್ನೆಲ್ಲ ಸಾಯಿಸ್ಬಿಡ್ತೀಯ ಕಣೋ!”

ನಾನು ಗೊಬ್ಬರದ ಅಂಗಡಿಯ ಕಥೆ ತೊದಲಿದೆ. ಕೇಳುತ್ತಾ ಕೇಳುತ್ತಾ ಕೋಮಲಾಳ ಮುಖ ಸಣ್ಣಗಾಯಿತು.

“ಅವ್ರು ಸುಳ್ಳು ಹೇಳಿಲ್ಲ ಬುಡು” ಎಂದಳು. “ಹೋಗಿದ್ದು ನಮ್ಮಕ್ಕ, ನನ್ನ ವಾರಗಿತ್ತಿ. ಅವಳ ಹೆಸ್ರೂ ಕೋಮಲಾನೇ. ನಾನು ಮದ್ವೆಯಾಗಿ ಹೋದಾಗ, ಒಂದೇ ಮನೇಲಿ ಇಬ್ರು ಕೋಮಲಾ ಇದ್ರೆ ಕೂಗೋದು ಹೆಂಗೆ ಅಂತ ನಮ್ಮತ್ತೆ ನನಗೆ ಸರ್ವಮಂಗಳ ಅಂತ ಹೆಸ್ರು ಮಡಗಿದ್ರು. ಆಧಾರಲ್ಲೂ ಅದೇ, ರೇಷನ್ ಕಾರ್ಡಲ್ಲೂ ಅದೇ. ಹಾಲಿನ ಡೈರೀಲಿ ಸೆಕ್ರೆಟ್ರಿ ಆಗಿದೀನಿ, ಅಲ್ಲಿ ಎಲ್ರೂ ಮಂಗಳಕ್ಕ ಅಂತಾರೆ. ಕೋಮಲಾ ಅಂದ್ರೆ ನಮ್ಮೂರಲ್ಲಿ ಅವಳೊಬ್ಳೇ.”

“ಬೇಜಾರಾಗ್ಲಿಲ್ವೇನೇ ನಿಂಗೆ?” ಎಂದಳು ಮುನವ್ವರಾ.

“ಆಯ್ತು. ಎಲ್ಲರಿಗಿಂತ ಜಾಸ್ತಿ ಅವಳಿಗಾಯ್ತು. ನಿನ್ ಹೆಸ್ರು ನಾನು ಕಿತ್ಕೊಂಡಂಗಾಯ್ತಲ್ಲ ಮಗಾ ಅಂತಿದ್ಲು. ಅಡುಗೆಮನೇಲಿ ನಾವಿಬ್ರೇ ಇದ್ದಾಗ ನನ್ನ ಕೋಮಲಾ ಅಂತಾನೇ ಕರೀತಿದ್ಲು. ಅವಳು ಹೋದ್ಮೇಲೆ ಕರೆಯೋರಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಮ್ ಮಗಳು ಭೂಮಿಕಾ ಫೋನಲ್ಲಿ ನಿಮ್ ಗುರುವಂದನೆ ಪೋಸ್ಟರ್ ತೋರಿಸಿದ್ಲು. ನಾನು ಡಿಗ್ರಿ ಮುಗಿಸಿದೋಳಲ್ಲ, ಸೇರಿಸ್ತೀರೋ ಇಲ್ವೋ ಅಂತ ಅಂಜಿಕೆ ಇತ್ತು. ಆದ್ರೂ ಒಂದ್ಸಲ ಯಾರಾದ್ರೂ ಆ ಹೆಸ್ರಿಡಿದು ಕರೀಲಿ ಅಂತ ಬಂದ್ಬುಟ್ಟೆ.”

ಅಷ್ಟು ದೂರದಿಂದ ಒಂದು ಹೆಸರು ಕೇಳಲು ಬಂದವಳಿಗೆ ನಾನು ಆ ಹೆಸರಿನ ಮೇಲೆ ಹಾರ ಹಾಕಿಸಿ ನಿಲ್ಲಿಸಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಫ್ಲೆಕ್ಸ್ ಹರಿದು ಹಾಕಲು ಕೈ ಚಾಚಿದೆ. ಅಷ್ಟರಲ್ಲಿ ವೇದಿಕೆಯ ಮೇಲೆ ನಮ್ಮ ಇತಿಹಾಸದ ರುದ್ರಯ್ಯ ಮೇಷ್ಟ್ರು ಮೈಕ್ ಹಿಡಿದರು. ಎಂಬತ್ತು ದಾಟಿದ ಜೀವ. ನಾನೇ ಬರೆದುಕೊಟ್ಟ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಅಗಲಿದವರ ಹೆಸರು ಓದತೊಡಗಿದರು. ನಾನು ಓಡಿಹೋಗಿ ತಡೆಯಬೇಕೆಂದು ಹೊರಟೆ. ಕೋಮಲಾ ನನ್ನ ಮುಂಗೈ ಹಿಡಿದು ಎಳೆದಳು. ಡೈರಿಯಲ್ಲಿ ಕ್ಯಾನ್ ಎತ್ತಿ ಗಟ್ಟಿಯಾದ ಕೈ.

“ಓದ್ಲಿ ಬುಡು” ಎಂದಳು. “ಅಕ್ಕನ್ನ ಪ್ಲಾಸ್ಟಿಕಲ್ಲಿ ಸುತ್ತಿ ಕೊಟ್ರು ಕಣೋ. ಮೂರು ಜನ ಹೋಗಿ ಮಣ್ಣು ಮಾಡ್ಬಂದ್ರು. ಶಿವಗಣಾರಾಧನೆಗೆ ಊರ್ ಕರೆಯಂಗಿರ್ಲಿಲ್ಲ, ಒಬ್ರೂ ಬರ್ಲಿಲ್ಲ. ಅವಳಿಗೋಸ್ಕರ ಇಲ್ಲೀತಂಕ ಯಾರೂ ಎದ್ದು ನಿಂತಿಲ್ಲ. ಇಷ್ಟು ಜನ ಇದೀರ, ನಿಂತ್ಕೊಳ್ಳಿ.”

“ಕೋಮಲಾ” ಎಂದು ಮೇಷ್ಟ್ರು ಕೊನೆಯ ಹೆಸರು ಓದಿದರು. ಅರವತ್ತು ಜನ ಎದ್ದು ನಿಂತರು. ಸಬ್‌ಇನ್ಸ್‌ಪೆಕ್ಟರ್ ಎದೆ ಮೇಲೆ ಕೈ ಇಟ್ಟುಕೊಂಡ. ಹಾಲ್ ತುಂಬ ಫ್ಯಾನುಗಳ ಸದ್ದು ಮಾತ್ರ. ಬಿಸಿಲಿನ ಪಟ್ಟೆಯಲ್ಲಿ ಧೂಳು ಮೆಲ್ಲಗೆ ಸುತ್ತುತ್ತಿತ್ತು, ಕಾಲ ಎಲ್ಲೋ ಹೋಗಿ ಕೂತುಬಿಟ್ಟಿತ್ತು. ಕೋಮಲಾ ಕಣ್ಣು ಮುಚ್ಚಿ, ತನ್ನದೇ ಫೋಟೋದ ಮುಂದೆ ಕೈಮುಗಿದು ನಿಂತಿದ್ದಳು. ತುಟಿ ಅಲುಗುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದಾಳೆಂದು ನಾನು ಕೇಳಲಿಲ್ಲ. ಒಂದು ನಿಮಿಷದ ಮೌನ ಅಷ್ಟು ಉದ್ದವಿರುತ್ತದೆಂದು ನನಗೆ ಅವತ್ತೇ ಗೊತ್ತಾಗಿದ್ದು.

ಮೌನ ಮುಗಿದ ಮೇಲೆ ನಾನೇ ಮೈಕ್ ಇಸಿದುಕೊಂಡು ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಕುರ್ಚಿಗಳು ಉರುಳಿದವು, ಎಲ್ಲರೂ ಅವಳನ್ನು ಮುತ್ತಿಕೊಂಡರು. ಡಿಗ್ರಿ ಮುಗಿಸದವರ ಬಗ್ಗೆ ಪ್ರಶ್ನೆ ಎತ್ತಿದ್ದ ಮಹಾನುಭಾವನೇ ಎಲ್ಲರಿಗಿಂತ ಮುಂದೆ ನುಗ್ಗಿ ಸೆಲ್ಫಿ ತೆಗೆದುಕೊಂಡ. ನನಗೆ ಆ ಕ್ಷಣದಲ್ಲೂ ಅವನಿಗೆ ಎರಡು ಬಿಡಬೇಕೆನಿಸಿತು.

ಮಧ್ಯಾಹ್ನ ಸಾಲಾಗಿ ಎಲೆ ಹಾಕಿ ಕೂರಿಸಿದೆವು. ಕೋಮಲಾ ಮೂರನೆಯ ಸಾಲಿನಲ್ಲಿ ಕೂತು ಪಕ್ಕದವರಿಗೆ ಮಗಳ ನರ್ಸಿಂಗ್ ಓದು, ಡೈರಿಯ ವಿಷಯ ಹೇಳುತ್ತಿದ್ದಳು. ಮುನವ್ವರಾ ಒಬ್ಬಟ್ಟಿನ ತಟ್ಟೆ ಹಿಡಿದು ಅವಳ ಹಿಂದೆ ಬಂದು ನಿಂತಳು.

“ಕೋಮಲಾ, ಇನ್ನೊಂದು ಹಾಕ್ಲೇನೇ?”

ಅವಳು ತಿರುಗಲಿಲ್ಲ.

“ಕೋಮಲಾ!”

ಅವಳು ತಲೆಯೆತ್ತಿ ಬಾಗಿಲ ಕಡೆಗೆ ನೋಡಿದಳು. ಯಾರೋ ಬರುತ್ತಾರೆಂದು ಕಾಯುವ ನೋಟ. ಮುನವ್ವರಾ ಬಗ್ಗಿ ಅವಳ ಭುಜ ಮುಟ್ಟಿದಳು. ಕೋಮಲಾ ಬೆಚ್ಚಿ ತಿರುಗಿದಳು, ಕಣ್ಣು ತುಂಬಿತ್ತು.

“ನನ್ನಾ?” ಎಂದಳು. “ಅಕ್ಕನ್ನ ಕರೀತಿದೀಯ ಅನ್ಕೊಂಡೆ ಕಣೇ.”