ಯಾರಿಗೂ ಹೇಳದ ಮೂರು ತಿಂಗಳು

ನಾಸಿಕಕ್ಕೆ ಬಂದಾಗ ನನಗೆ ಇಪ್ಪತ್ತಾರು ವರ್ಷ, ನನ್ನ ಸಕ್ಕರೆ ಕಾಯಿಲೆಗೆ ಎರಡು. ಗಂಡನ ಬ್ಯಾಂಕು ಹತ್ತಿರದ ನಿಫಾಡ ಊರಲ್ಲಿ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ನಾಸಿಕದ ಸಾತಪುರ ಬಡಾವಣೆಯ ಎರಡನೇ ಮಹಡಿಯ ಮನೆಯಲ್ಲಿ ನಾನು ಮತ್ತು ಟೀವಿ. ಅದೂ ಮರಾಠಿ ಮಾತಾಡುತ್ತಿತ್ತು. ಗಂಡನನ್ನು ಬಿಟ್ಟರೆ ಆ ಊರಲ್ಲಿ ನನ್ನ ಜೊತೆ ಕನ್ನಡ ಆಡುವವರೆಂದರೆ ಸಕ್ಕರೆ ಡಾಕ್ಟರ ದವಾಖಾನೆಯ ನರ್ಸಕ್ಕ ಒಬ್ಬರೇ. ನಮ್ಮ ಬೀದರ ಕಡೆಯವರು. ತಿಂಗಳಿಗೊಮ್ಮೆ ರಕ್ತ ತೋರಿಸಲು ಹೋದರೆ ಬೆರಳಿಗೆ ಸೂಜಿ ಚುಚ್ಚುತ್ತ ಊರಿನ ಸುದ್ದಿ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ಆ ಸುದ್ದಿಗೇ.

ಮುಟ್ಟು ನಿಂತು ಹದಿನೈದು ದಿನವಾದಾಗ ಅವ್ವನಿಗೆ ಫೋನ್ ಮಾಡಿದೆ. ಖುಷಿಗೆ ಅತ್ತಳು. ಆಮೇಲೆ ದನಿ ತಗ್ಗಿಸಿ, “ಮೂರ ತಿಂಗಳ ತುಂಬೂ ತನಕ ಯಾರ ಮುಂದನೂ ಬಾಯಿ ಬಿಡಬ್ಯಾಡ, ದೃಷ್ಟಿ ಆಗ್ತದ,” ಅಂದಳು. ಗಂಡನೂ ಹೌದೆಂದು ತಲೆಯಾಡಿಸಿದರು. ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ ಇದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ನರ್ಸಕ್ಕನಿಗೆ ಗೊತ್ತಾದರೆ ವಾರದೊಳಗೆ ಬೀದರಿಗೆ ಮುಟ್ಟುತ್ತದೆಂದು ದವಾಖಾನೆಗೆ ಹೋಗುವುದನ್ನೇ ಬಿಟ್ಟೆ. ಗುಳಿಗೆ ತೀರಿದವು. ಬಸುರಿಗೆ ಗುಳಿಗೆ ಒಳ್ಳೆಯದಲ್ಲ ಎಂದು ನಾನೇ ಡಾಕ್ಟರಾಗಿ ತೀರ್ಮಾನಿಸಿದೆ. ಗಂಟಲು ಒಣಗುತ್ತಿತ್ತು, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದೆ. ಬಸುರಿನ ಲಕ್ಷಣ ಅಂದುಕೊಂಡೆ. ಮಾತಿಗೆ ಯಾರೂ ಇಲ್ಲದೆ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಜೊತೆಗೇ ಮಾತಾಡುತ್ತಿದ್ದೆ.

ಮೂರು ತಿಂಗಳು ತುಂಬಿದ ಮರುದಿನವೇ ಪೇಢೆ ತೆಗೆದುಕೊಂಡು ದವಾಖಾನೆಗೆ ಓಡಿದೆ. ನರ್ಸಕ್ಕ ಪೇಢೆ ಮುಟ್ಟಲಿಲ್ಲ.

“ಯಾಕ್ರಿ ಮೊದಲ ಬರಲಿಲ್ಲ? ನಾವೇನ ನಿಮಗ ಪರಕೀಯರೇನ್ರಿ?” ಎಂದರು.

ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಅಂದಿನಿಂದಲೇ ಇನ್ಸುಲಿನ್ ಶುರುವಾಯಿತು.

ಐದನೇ ತಿಂಗಳಲ್ಲಿ ಗಂಡನಿಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದು ಛತ್ರಪತಿ ಸಂಭಾಜಿನಗರ. ಅಲ್ಲಿನ ಡಾಕ್ಟರು ಸ್ಕ್ಯಾನ್ ಮಾಡುತ್ತ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಮಗುವಿನ ಹೃದಯ ಸರಿಯಾಗಿ ರೂಪುಗೊಂಡಿಲ್ಲ ಎಂದರು. ಈಗ ಸಕ್ಕರೆ ಹತೋಟಿಯಲ್ಲಿದೆಯಲ್ಲ, ಬೆಳೆಯುತ್ತ ಸರಿಹೋಗುವುದಿಲ್ಲವೇ ಎಂದು ಹರುಕು ಮುರುಕು ಹಿಂದಿಯಲ್ಲಿ ಕೇಳಿದೆ. ಹೃದಯ, ಬೆನ್ನುಹುರಿ ಎಲ್ಲ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ, ಆಗ ತಾಯಿಯ ಸಕ್ಕರೆ ಏರಿದ್ದರೆ ಹೀಗಾಗುವ ಸಂಭವ ಹೆಚ್ಚು ಎಂದರು ಅವರು. ಅದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾಗದು ಎಂದೂ ಸೇರಿಸಿದರು. ಆ ಕೊನೆಯ ಮಾತು ನನ್ನ ಸಮಾಧಾನಕ್ಕೆ ಎಂದು ಗೊತ್ತಾಯಿತು. ನನ್ನ ಮೇಲೆ ನನಗೇ ತಡೆಯಲಾರದ ಸಿಟ್ಟು ಬಂತು. ಯಾವ ದಿನಗಳಲ್ಲಿ ನಾನು ದವಾಖಾನೆಯಲ್ಲಿ ಇರಬೇಕಿತ್ತೋ, ಆ ದಿನಗಳಲ್ಲೇ ಅಡಗಿ ಕೂತಿದ್ದೆ.

ಹೆಣ್ಣು ಮಗು. ಒಂಬತ್ತು ದಿನ ಬದುಕಿತ್ತು.

ಹತ್ತನೆಯ ದಿನ ಅವ್ವ ಬಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

“ಯಾರದೋ ಕಣ್ಣ ಬಿತ್ತವ್ವಾ ನನ್ನ ಕೂಸಿಗಿ. ಖರೇ ಹೇಳ, ಯಾರ ಮುಂದ ಹೇಳಿದ್ದಿ?”

“ಯಾರ ಮುಂದನೂ ಇಲ್ಲವ್ವಾ.”

“ನಂಗೊತ್ತದ, ನೀ ನನ್ನ ಮಾತ ಮೀರಾಕಿ ಅಲ್ಲ,” ಎಂದು ತಲೆ ನೇವರಿಸಿದಳು.

ಡಾಕ್ಟರು ಹೇಳಿದ್ದನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.