ಎತ್ತಿಡದ ಒಂದು ಹನಿ

ನಮ್ಮಕ್ಕ ಮನೆಗೆ ಬಂದರೆ ಹುಳಿ ಹಿಟ್ಟಿನ ವಾಸನೆಯೂ ಜೊತೆಗೇ ಬರುತ್ತಿತ್ತು. ಪ್ರಯೋಗಾಲಯದಲ್ಲಿ ಯೀಸ್ಟ್ ಬೆಳೆಸುವುದು ಅವಳ ಕೆಲಸ. ಆ ಯೀಸ್ಟಿನೊಳಗಿನ ಒಂದು ಕಿಣ್ವ ಬಿಸಿಗೆ ಜಗ್ಗುತ್ತಿರಲಿಲ್ಲ. ಯೀಸ್ಟನ್ನು ಒಡೆದು, ರಸ ತೆಗೆದು ಅಕ್ಕ ಬಿಸಿನೀರಿನ ತೊಟ್ಟಿಯಲ್ಲಿಡುವಳು. ಮಿಕ್ಕದ್ದೆಲ್ಲ ಒಡೆದ ಹಾಲಿನಂತೆ ತಳ ಸೇರಿದರೆ, ಮೇಲಿನ ತಿಳಿಯಲ್ಲಿ ಕಿಣ್ವ ಉಳಿಯುವುದು. ವರ್ಷಗಟ್ಟಲೆ ಇದೇ ಕೆಲಸ. ಸಿಗುತ್ತಿದ್ದುದು ಮಾತ್ರ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅದಕ್ಕೇ ಅವಳ ಮೇಡಂ ಆ ಕಿಣ್ವದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ರಾಶಿಗಟ್ಟಲೆ ತೆಗೆಯೋಣವೆಂದರು. ಯೋಜನೆಗೆ ಹಣ ಕೊಡುವವರ ಪರೀಕ್ಷಕರು ಬಂದು ನೋಡಿ ಒಪ್ಪಿದರೆ ಅಕ್ಕನ ಕೆಲಸ ಖಾಯಂ; ಇಲ್ಲದಿದ್ದರೆ ಯೋಜನೆಯೂ ಮುಗಿಯಿತು, ಅವಳ ನೌಕರಿಯೂ.

ಪರೀಕ್ಷಕರು ಬರುವ ದಿನ ಬೆಳಿಗ್ಗೆ ನಾನು ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಹೊರಟಿದ್ದೆ. ಬರೀ ಶೀತ. ಆದರೂ ಜೀವ ಕೈಯಲ್ಲಿ ಹಿಡಿದುಕೊಂಡು ಚೀಲಕ್ಕೆ ಎರಡು ಬಾಟಲಿ, ಎರಡು ಟೋಪಿ ತುರುಕುತ್ತಿದ್ದೆ.

"ನಿಂದು ಎಲ್ಲಾ ಎರಡೆರಡು ಕಣೇ. ಮಗು ಒಂದೇ ಇರೋದನ್ನ ಹೇಗೆ ಸಹಿಸ್ಕೊಂಡಿದೀಯ?" ಎಂದಳು ಅಕ್ಕ, ಚಪ್ಪಲಿ ಮೆಟ್ಟುತ್ತ.

"ಒಂದು ಬಿದ್ದುಹೋದ್ರೆ?"

"ಅದು ಬೀಳೋಕೆ ಮುಂಚೇನೇ ನೀನು ಬಿದ್ದಿರ್ತೀಯ ಬಿಡು."

ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು.

"ಏನಾಯ್ತಕ್ಕ?"

"ಬ್ಯಾಕ್ಟೀರಿಯಾ ಚೆನ್ನಾಗೇ ಬೆಳೆದಿತ್ತು. ರಸ ತೆಗೆದೆ, ಬಿಸಿಗಿಟ್ಟೆ. ಎಲ್ಲಾ ಒಡೆದುಹೋಯ್ತು. ತಿಳೀಲಿ ಏನೂ ಇಲ್ಲ."

ಯೀಸ್ಟ್ ತನ್ನ ಕಿಣ್ವಕ್ಕೆ ಸಕ್ಕರೆಯ ಹೊದಿಕೆ ಹೊದಿಸುತ್ತದಂತೆ, ಬಿಸಿ ತಡೆಯುವುದು ಅದರಿಂದಲೇ ಇರಬೇಕು ಎಂದರಂತೆ ಮೇಡಂ. ಬ್ಯಾಕ್ಟೀರಿಯಾಕ್ಕೆ ಆ ವಿದ್ಯೆ ಬಾರದು. ಬರಿಮೈಯ ಕಿಣ್ವ ಮಿಕ್ಕದ್ದರ ಜೊತೆ ತಾನೂ ಬೆಂದಿತ್ತು.

"ಬಿಸಿ ಮಾಡದೇ ಇರೋದನ್ನ ತೋರಿಸಬಹುದಿತ್ತಲ್ಲ?"

"ಮೇಡಮ್ಮೂ ಅದನ್ನೇ ಕೇಳಿದ್ರು. ಒಂದು ಹನಿ ಇದ್ರೆ ಕೊಡಮ್ಮ, ಕಿಣ್ವ ಹುಟ್ಟಿದೆ ಅಂತಾದ್ರೂ ತೋರಿಸ್ತೀನಿ ಅಂದ್ರು. ನಾನು ಅಷ್ಟನ್ನೂ ತೊಟ್ಟೀಲಿಟ್ಟಿದ್ದೆ. ಇಷ್ಟು ವರ್ಷ ಬಿಸೀಲಿ ಕಿಣ್ವ ಒಂದೇ ಉಳೀತಿತ್ತಲ್ಲ. ಕೈ ತಾನಾಗೇ ಹೋಯ್ತು."

"ಮತ್ತೆ ಬೆಳೆಸೋಕಾಗಲ್ವಾ?"

"ಆಗುತ್ತೆ. ಪರೀಕ್ಷಕರು ಕಾಯಬೇಕಲ್ಲ. ಎದ್ದು ಹೋದ್ರು. ತಿಂಗಳ ಕೊನೆಗೆ ಲ್ಯಾಬಲ್ಲಿರೋ ನನ್ನ ಬೀರು ಖಾಲಿ ಮಾಡ್ಬೇಕಂತೆ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಹೆದರಲು ಮಾತ್ರ ಬರುತ್ತದೆ. ಮಗುವಿನ ಹಣೆ ಮುಟ್ಟಿ ನೋಡಿದೆ. ಎರಡನೆಯ ಟೋಪಿ ಮಡಿಕೆ ಬಿಚ್ಚದೆ ಚೀಲದಲ್ಲೇ ಇತ್ತು. ಅಕ್ಕ ಅದನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡಳು.

"ನೀನಾಗಿದ್ರೆ ಒಂದು ಹನಿ ಎತ್ತಿಟ್ಟಿರ್ತಿದ್ದೆ," ಎಂದಳು.

ಛೇಡಿಸುತ್ತಾಳೇನೋ ಎಂದು ಮುಖ ನೋಡಿದೆ. ಇಲ್ಲ.