ಓಬಕ್ಕನ ಹೆಸರಿನ ಮುಂದೆ ನಾನಿಟ್ಟ ಚುಕ್ಕಿ

ಓಬಕ್ಕ, ನೀವು ಅಂಗಡಿಯ ಗಿರಾಕಿಗಳ ನಂಬರನ್ನು ಯಾರಿಗೂ ಕೊಟ್ಟಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಸಾವುಕಾರರ ಮುಂದೆ ನೀವು ಸೆರಗು ಹಿಡಿದುಕೊಂಡು ನಿಂತಿದ್ದಾಗ, ನಿಮ್ಮಿಂದ ಎರಡು ಮಾರು ದೂರದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ ಈ ಪಾಲಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಬರೀ ಬಾಯಲ್ಲಿ ಹೇಳಿದ್ದರೆ — ಇಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಆರು ವರ್ಷವಾಯಿತು.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯವರು, ನಿಮ್ಮ ನಾದಿನಿ, ಊರಿನವರು, ಯಾರು ಓದಿದರೂ ತಿಳಿಯಬೇಕು.

ಮೊಳಕಾಲ್ಮೂರಿನ ಆ ರೇಷ್ಮೆ ಸೀರೆ ಅಂಗಡಿಯಲ್ಲಿ ನೀವು ಹನ್ನೊಂದು ವರ್ಷ ಇದ್ದಿರಿ. ನಿಮ್ಮೂರು ಸಿದ್ದಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಫೋನಿನ ಪಕ್ಕ ಕೂತರೆ ಸಂಜೆಯವರೆಗೂ ಎದ್ದೇಳುತ್ತಿರಲಿಲ್ಲ. ಕನ್ನಡದವರಿಗೆ ಕನ್ನಡ, ಆಂಧ್ರದ ಕಡೆಯವರಿಗೆ ತೆಲುಗು. ಯಾರ ಮನೆಯ ಮದುವೆ ಯಾವಾಗ, ಯಾರು ಯಾವ ಅಂಚು ಕೇಳಿದ್ದರು, ಎಲ್ಲ ನಿಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿರುತ್ತಿತ್ತು. ನಾನು ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟವನು. ಜನರ ಅರ್ಜಿ ತುಂಬಿ ಕೊಡುವುದು ಹೊಟ್ಟೆಪಾಡು, ವೆಬ್‌ಸೈಟ್ ಮಾಡಿಕೊಡುವುದು ದೊಡ್ಡಸ್ತಿಕೆ. ನಿಮ್ಮ ಸಾವುಕಾರರಿಗೂ ಒಂದು ಮಾಡಿಕೊಟ್ಟೆ.

ಆಮೇಲೆ ಅವರಿಗೆ ಇನ್ನೊಂದು ಆಸೆ ಹುಟ್ಟಿತು, ಹುಟ್ಟಿಸಿದವನು ನಾನೇ. ವೆಬ್‌ಸೈಟಿನಲ್ಲಿ ಸೀರೆ ಬೇಕೆಂದು ಹೆಸರು, ನಂಬರು ಬರೆದವರೆಲ್ಲ ನೇರವಾಗಿ ಗಿರಾಕಿಗಳ ವಿವರ ಇಡುವ ಸಾಫ್ಟ್‌ವೇರಿಗೆ ಹೋಗಬೇಕು. ಅದಕ್ಕೆ ಸಿಆರ್‌ಎಂ ಎನ್ನುತ್ತಾರೆ. ಅದು ಅಂಗಡಿಯ ಕಂಪ್ಯೂಟರಿನಲ್ಲಿರುವುದಿಲ್ಲ, ಕ್ಲೌಡ್‌ನಲ್ಲಿರುತ್ತದೆ. ಯಾರು ಕೇಳಿದರು, ಅವರಿಗೆ ಯಾರು ಫೋನ್ ಮಾಡಿದರು, ಸಾವುಕಾರರು ಎಲ್ಲಿ ಕೂತರೂ ಮೊಬೈಲಿನಲ್ಲೇ ನೋಡಬಹುದು. ಎರಡನ್ನೂ ನಾನು ಜೋಡಿಸಿದೆ. ನಿಮ್ಮ ನೋಟ್‌ಬುಕ್ಕನ್ನು ನೋಡಿ ನಕ್ಕವನೂ ನಾನೇ. ಇನ್ನು ಇದನ್ನು ಗುಜರಿಗೆ ಹಾಕಿ ಅಕ್ಕಾ, ಅಂದಿದ್ದೆ. ನೀವೂ ನಕ್ಕಿರಿ.

ನನ್ನ ತಪ್ಪು ಇದು. ನಮ್ಮ ವೆಬ್‌ಸೈಟಿನಲ್ಲಿ ಹೆಸರಿಗೆ ಒಂದೇ ಖಾನೆ. ಆ ಸಾಫ್ಟ್‌ವೇರಿನಲ್ಲಿ ಎರಡು: ಮೊದಲ ಹೆಸರು, ಕೊನೆಯ ಹೆಸರು. ಕೊನೆಯದು ಖಾಲಿ ಇದ್ದರೆ ಅದು ಆ ಗಿರಾಕಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬರೆದ ಹೆಸರನ್ನು ನಡುವೆ ಜಾಗ ಇರುವಲ್ಲಿ ಎರಡಾಗಿ ಒಡೆದು ಕಳಿಸುವಂತೆ ಮಾಡಿದ್ದೆ. ಒಂದೇ ಹೆಸರಿನವರು ಬಂದರೆ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ. ನಾನು! ಹೆಸರು ಪಾಲಯ್ಯ, ಅದರ ಹಿಂದೂ ಇಲ್ಲ, ಮುಂದೂ ಇಲ್ಲ. ನನ್ನ ಅಂಗಡಿಗೆ ಅರ್ಜಿ ತುಂಬಿಸಲು ಬರುವ ಓಬಯ್ಯ, ಬೋರಮ್ಮ, ತಿಪ್ಪೇಶರಿಗೆಲ್ಲ ಕೊನೆಯ ಹೆಸರಿನ ಖಾನೆಯಲ್ಲಿ ಒಂದು ಚುಕ್ಕಿ ಇಟ್ಟು ಮುಂದಕ್ಕೆ ಕಳಿಸುವುದು ನನಗೆ ದಿನನಿತ್ಯದ ಕೆಲಸ. ಆದರೆ ಜೋಡಿಸಿದ ದಿನ ಪರೀಕ್ಷೆಗೆಂದು ನಾನು ಬರೆದದ್ದು ಪಟ್ಟಣದವರಂಥ, ಎರಡು ತುಂಡಿನ ಯಾವುದೋ ಹೆಸರು. ಅದು ಸಲೀಸಾಗಿ ಒಳಗೆ ಹೋಯಿತು. ನಾನು ಕಾಫಿ ಕುಡಿದು ಬಸ್ ಹತ್ತಿದೆ.

ಬೆಂಗಳೂರಿನವರು ಒಳಗೆ ಹೋದರು. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿರುವ ಆಫೀಸರ ಹೆಂಡತಿಯರು ಒಳಗೆ ಹೋದರು. ಒಂಟಿ ಹೆಸರಿನ ನಮ್ಮವರು ಹೊರಗೇ ಉಳಿದರು. ಅವರ ಮೊಬೈಲಿನಲ್ಲಿ ಮಾತ್ರ ‘ಧನ್ಯವಾದ, ನಾವೇ ಕರೆ ಮಾಡುತ್ತೇವೆ’ ಎಂದು ಬರುತ್ತಿತ್ತು. ಅವರು ಕಾದರು. ನಿಮಗೆ ಅವರ ಹೆಸರೇ ಕಾಣಿಸಲಿಲ್ಲ, ಕರೆ ಮಾಡುವುದೆಲ್ಲಿಂದ ಬಂತು?

ಮಗಳ ಮದುವೆಗೆ ಸೀರೆ ಕೇಳಿ ಮೂರು ಸಲ ಬರೆದಿದ್ದ ತಳಕಿನ ಮಾರಣ್ಣ ಅಂಗಡಿಗೇ ಬಂದು ಕೂಗಾಡಿದ. ಸಿಟ್ಟಿಗೆ ಎದುರಿನ ಅಂಗಡಿಯಲ್ಲೇ ಸೀರೆ ತೆಗೆದುಕೊಂಡೆ ಎಂದೂ ಹೇಳಿದ. ಅವನ ಹಾಗೆ ಇನ್ನೂ ನಾಲ್ಕೈದು ಜನ. ಎದುರಿನ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸಕ್ಕಿದ್ದವನು ನಿಮ್ಮ ನಾದಿನಿಯ ಗಂಡ. ಸಾವುಕಾರರಿಗೆ ಅಷ್ಟು ಸಾಕಾಯಿತು. ಬಂದ ಹೆಸರುಗಳನ್ನು ಅಳಿಸಿ, ನಂಬರುಗಳನ್ನು ನೀವು ಅವನಿಗೆ ದಾಟಿಸುತ್ತಿದ್ದೀರಿ ಎಂದು ಲೆಕ್ಕ ಹಾಕಿಬಿಟ್ಟರು.

ನನ್ನನ್ನು ಕರೆಸಿದರು. ಮಟಮಟ ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳೂ ಇದ್ದರು.

“ಪಾಲಯ್ಯ, ಇದ್ರಾಗೆ ಹೆಸ್ರು ಬಿಟ್ಟೋಗಾಕೆ ಸಾಧ್ಯ ಐತೇನ್ಲೇ?”

ಲ್ಯಾಪ್‌ಟಾಪ್ ತೆರೆದೆ. ಒಳಗೆ ಹೋಗದೆ ವಾಪಸ್ ಬಂದವರ ಪಟ್ಟಿ ಒಂದು ಇರುತ್ತದೆ. ಅಲ್ಲಿಯವರೆಗೆ ನಾನದನ್ನು ಒಂದು ದಿನವೂ ನೋಡಿರಲಿಲ್ಲ. ನೋಡಿದೆ. ಮಾರಣ್ಣ. ಮಾರಣ್ಣ. ಮಾರಣ್ಣ. ಓಬಳೇಶ. ಪಾಪಮ್ಮ. ಪರದೆ ಸರಿಸಿದಷ್ಟೂ ಒಂಟಿ ಹೆಸರುಗಳು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನವರು ಇದೇ ಕೆಲಸವನ್ನು ನನಗೆ ಕೊಡುವುದಾಗಿ ಹೇಳಿದ್ದರು. ಈ ಸಾವುಕಾರರ ಒಂದು ಮಾತಿನ ಮೇಲೆ ಅದು ನಿಂತಿತ್ತು. ಆದರೆ ಅದೊಂದೇ ಕಾರಣವೆಂದರೆ ಅದೂ ಸುಳ್ಳು. ಅಷ್ಟು ಜನರ ಮುಂದೆ, ಎಲ್ಲ ತಿಳಿದವನಂತೆ ಮೆರೆದವನು, ತಪ್ಪು ನನ್ನದು ಎನ್ನಲು ನಾಚಿಕೆಯಾಯಿತು. ನಿಮ್ಮ ಹನ್ನೊಂದು ವರ್ಷಕ್ಕಿಂತ ನನ್ನ ನಾಚಿಕೆ ನನಗೆ ದೊಡ್ಡದಾಗಿ ಕಂಡಿತು.

“ಸಿಸ್ಟಮ್ ಸರಿ ಐತೆ ಸಾವ್ಕಾರ್ರೇ. ಬಂದಿದ್ದೆಲ್ಲ ಅಕ್ಕನಿಗೆ ಕಂಡೇ ಕಂಡಿರ್ತೈತೆ.”

ನೀವು ಅಳಲಿಲ್ಲ. ನನ್ನ ಹತ್ತಿರ ಬಂದು ಬಗ್ಗಿದಿರಿ.

“ಪಾಲಯ್ಯ, ನೀನು ಸುಳ್ಳೇಳೋನಲ್ಲ. ಆದ್ರೂ ಇನ್ನೊಂದ್ಸಲ ನೋಡಪ್ಪ. ನನ್ ಹೆಸ್ರೇ ಹಾಕಿ ಕಳ್ಸು. ಬರ್ತೈತೋ ಇಲ್ವೋ, ಎಲ್ರೂ ನೋಡ್ಲಿ.”

ಎಷ್ಟು ಸರಿಯಾದ ಮಾತು! ಸಿಆರ್‌ಎಂ ಎಂದರೇನೆಂದು ಓದದ ನೀವು ನನ್ನ ತಪ್ಪನ್ನು ಹಿಡಿಯುವ ಒಂದೇ ಒಂದು ದಾರಿಯನ್ನು ನನ್ನ ಕೈಗೇ ಕೊಟ್ಟಿರಿ. ಕಾಗದಪತ್ರದಲ್ಲಿ ನಿಮ್ಮ ಹೆಸರು ಓಬಮ್ಮ; ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಹಾಗೆಯೇ ಕಳಿಸಿದ್ದರೆ ಅದು ಬರುತ್ತಿರಲಿಲ್ಲ, ನೀವು ಉಳಿಯುತ್ತಿದ್ದಿರಿ. ನನ್ನ ಬೆರಳು ನಿಂತಿತು — ಆ ಕ್ಷಣವನ್ನು ನಾನು ಎಷ್ಟು ಸಲ — ನಿಂತ ಬೆರಳು ಆಮೇಲೆ ಒಂದು ಜಾಗ ಬಿಟ್ಟು, ಒಂದು ಚುಕ್ಕಿ ಒತ್ತಿತು. ಕಳಿಸಿದೆ.

ನಿಮ್ಮ ಹೆಸರು ಬಂತು. ಸಾವುಕಾರರ ಮೊಬೈಲಿನಲ್ಲಿ, ನನ್ನ ಪರದೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಆ ಚುಕ್ಕಿಯನ್ನು ಯಾರೂ ಗಮನಿಸಲಿಲ್ಲ.

“ಹಂಗಾರೆ ಅವೆಲ್ಲ ಎಲ್ಲಿ ಹೋದ್ವು?” ಅಂದಿರಿ. ನನ್ನನ್ನೇ ಕೇಳಿದಿರಿ. ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಸಾವುಕಾರರು ಅವತ್ತೇ ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಮರುದಿನ ನಾನು ಚಳ್ಳಕೆರೆಯಲ್ಲಿ ಕೂತು ಸರಿಮಾಡಿದೆ. ಕೊನೆಯ ಹೆಸರು ಖಾಲಿಯಿದ್ದರೆ ತಾನೇ ಚುಕ್ಕಿ ಹಾಕಿಕೊಳ್ಳುವಂತೆ ಒಂದೇ ಒಂದು ಸಾಲು. ವಾಪಸ್ ಬಂದವರ ಪಟ್ಟಿಯನ್ನು ಅಳಿಸಿ ಹಾಕಿದೆ. ಅವತ್ತಿನಿಂದ ನಮ್ಮ ಕಡೆಯ ಹೆಸರುಗಳು ಅಂಗಡಿಗೆ ಬರತೊಡಗಿದವು. ಸಾವುಕಾರರು ಸಿಕ್ಕವರಿಗೆಲ್ಲ ಹೇಳಿದರು: “ನೋಡ್ರಿ, ಆಯಮ್ಮ ಹೋದ್ಮ್ಯಾಗೆ ಎಲ್ಲ ಸರಿ ಹೋತು.” ನಾನು ಸರಿಮಾಡಿದ್ದೇ ನಿಮ್ಮ ಮೇಲಿನ ಸಾಕ್ಷಿಯಾಯಿತು. ಎಣ್ಣೆ ಮಿಲ್ಲಿನ ಕೆಲಸ ನನಗೆ ಸಿಕ್ಕಿತು. ಅಲ್ಲಿ ಆ ಸಾಲನ್ನು ಮೊದಲ ದಿನವೇ ಬರೆದೆ.

ನಿಮ್ಮನ್ನು ಮೊಳಕಾಲ್ಮೂರಿನ ಯಾವ ಅಂಗಡಿಯೂ ಸೇರಿಸಿಕೊಳ್ಳಲಿಲ್ಲ. ಎದುರಿನ ಅಂಗಡಿಯವರು ತಮಗೇಕೆ ಉಸಾಬರಿ ಎಂದು ನಿಮ್ಮ ನಾದಿನಿಯ ಗಂಡನನ್ನೂ ಬಿಡಿಸಿದರು. ಅವನ ಅನ್ನಕ್ಕೆ ನೀವು ಕಲ್ಲು ಹಾಕಿದಿರಿ ಎಂದು ನಿಮ್ಮ ನಾದಿನಿ ಮಾತು ಬಿಟ್ಟಳು. ಶೇಂಗಾ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದ್ದೇನೆ. ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿಯೂ ಇದ್ದೇನೆ. ಮುಖ ತಿರುಗಿಸಿಕೊಂಡೆ. ಹೇಡಿ ನಾನು. ಒಳ್ಳೆಯ ಬಟ್ಟೆ ಹಾಕಿಕೊಂಡು ಓಡಾಡುವ ಹೇಡಿ.

ಹೋದ ವಾರ ಸಾವುಕಾರರ ಬಳಿ ಹೋಗಿ ಎಲ್ಲ ಹೇಳಿದೆ. ಸಿಟ್ಟಾಗುತ್ತಾರೆ, ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಎಲೆ ಅಡಿಕೆ ಉಗಿದು ಬಂದು ಕೂತರು.

“ಆಗಿದ್ದಾತು ಬಿಡಪ್ಪ. ಈಗ ಹೇಳಾಕೋದ್ರೆ ನನ್ ಮರ್ಯಾದಿ ಏನಾಗ್ಬೇಕು? ಆಯಮ್ಮನೂ ಮರ್ತಿರ್ತಾಳೆ.”

ಮರೆತಿರುತ್ತೀರಂತೆ. ಅವರ ಮೇಲೆ ಮೈ ಉರಿಯಿತು. ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು, ಆರು ವರ್ಷ ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ.

ಅವರು ಹೇಳುವುದಿಲ್ಲ. ಹೇಳಬೇಕಾದವನು ನಾನು. ಈ ಭಾನುವಾರ ಬರುತ್ತಿದ್ದೇನೆ. ಇದನ್ನು ಬರೆದುಕೊಂಡೇ ಬರುತ್ತೇನೆ, ಎದುರಿಗೆ ನಿಂತರೆ ನನ್ನ ಬಾಯಿ ಮತ್ತೇನಾದರೂ ಹೆಣೆದೀತು ಎಂಬ ಭಯ ನನಗಿದೆ. ಮೊದಲು ನಿಮ್ಮ ನಾದಿನಿಯ ಮನೆಗೆ ಹೋಗಿ ಓದುತ್ತೇನೆ, ಆಮೇಲೆ ನಿಮ್ಮ ಮನೆಗೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನೀವು ಬಾಗಿಲು ತೆರೆಯಬೇಕಾಗಿಯೂ ಇಲ್ಲ ಓಬಕ್ಕ. ಬೀದಿಯಲ್ಲಿ ನಿಂತೇ ಓದುತ್ತೇನೆ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಷ್ಟು ಜೋರಾಗಿ.